ಬೆಳೆಯುವ ಮಿದುಳು, ರೂಪುಗೊಳ್ಳುವ ವರ್ತನೆ



ಮನುಷ್ಯನ ವರ್ತನೆಗೆ ಮಿದುಳೇ ಆಧಾರ ಎಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಈ ಮಾತನ್ನು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಅರ್ಥಮಾಡಿಕೊಳ್ಳಲಾಗುತ್ತದೆ. ಮೊದಲು ಮಿದುಳು ಸಿದ್ಧವಾಗುತ್ತದೆ, ಸಿದ್ಧವಾದ ಬಳಿಕ ಅದು ನೋಟ, ಮಾತು, ನಡಿಗೆ, ನೆನಪು, ಸಂಯಮಗಳನ್ನು ನಡೆಸುತ್ತದೆ ಎಂಬುದು ಆ ತಿಳಿವಳಿಕೆ. ಇಪ್ಪತ್ತನೆಯ ಶತಮಾನದ ನರವಿಜ್ಞಾನವು ಈ ಚಿತ್ರವನ್ನು ಗಣನೀಯವಾಗಿ ತಿದ್ದಿದೆ. ಮಿದುಳಿನ ರಚನೆ ವರ್ತನೆಗೆ ಎಡೆಮಾಡಿಕೊಡುವಂತೆಯೇ ವರ್ತನೆಯೂ ಅನುಭವವೂ ಆ ರಚನೆಯನ್ನು ಕಟ್ಟುತ್ತವೆ, ಮತ್ತು ಈ ಎರಡು ಕೆಲಸಗಳೂ ಒಂದು ಕಾಲಕ್ರಮಕ್ಕೆ ಒಳಪಟ್ಟಿರುತ್ತವೆ ಎಂಬುದು ಈಗ ಪ್ರಯೋಗಗಳ ಬೆಂಬಲವಿರುವ ನಿಲುವು. ಆ ಕಾಲಕ್ರಮದ ಸ್ವರೂಪವನ್ನು ವಿವರಿಸಿ, ಅದು ಸಮಾಜದ ಮೇಲೆ ಹೊರಿಸುವ ಹೊಣೆಯನ್ನು ಗುರುತಿಸುವುದು ಈ ಉಪನ್ಯಾಸದ ಉದ್ದೇಶ.

1. ಗರ್ಭದೊಳಗಿನ ಕಾಲಪಟ್ಟಿ

ಗರ್ಭಾಂಕುರವಾದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಭಾಗದ ಜೀವಕೋಶಗಳು ಒಂದು ಫಲಕವಾಗಿ ದಪ್ಪಗಾಗುತ್ತವೆ. ಆ ಫಲಕದ ಎರಡು ಅಂಚುಗಳು ಮೇಲೆದ್ದು, ಒಂದರತ್ತ ಒಂದು ಬಾಗಿ, ಕೂಡಿಕೊಂಡು ನಳಿಕೆಯಾಗುತ್ತವೆ. ಇದಕ್ಕೆ ನರನಾಳ ಎಂದು ಹೆಸರು. ಇದರ ಮುಂತುದಿಯಿಂದ ಮಿದುಳೂ ಉಳಿದ ಭಾಗದಿಂದ ಬೆನ್ನುಹುರಿಯೂ ಬೆಳೆಯುತ್ತವೆ. ಸುಮಾರು 28ನೆಯ ದಿನದ ಹೊತ್ತಿಗೆ ನಾಳದ ಎರಡು ತುದಿಗಳೂ ಮುಚ್ಚಿಕೊಳ್ಳಬೇಕು. ಕೆಳತುದಿ ಮುಚ್ಚದಿದ್ದರೆ ಮಗು ಸೀಳು ಬೆನ್ನುಹುರಿಯೊಂದಿಗೆ ಹುಟ್ಟುತ್ತದೆ. ಮೇಲ್ತುದಿ ಮುಚ್ಚದಿದ್ದರೆ ಮಿದುಳಿನ ಬಹುಭಾಗ ಬೆಳೆಯುವುದೇ ಇಲ್ಲ. ಫೋಲಿಕ್ ಆಮ್ಲವೆಂಬ ವಿಟಮಿನ್ ಈ ದೋಷವನ್ನು ಬಹುಮಟ್ಟಿಗೆ ತಡೆಯುತ್ತದೆ ಎಂಬುದನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಹಲವು ದೇಶಗಳಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆ ತೋರಿಸಿಕೊಟ್ಟಿತು: ಹಿಂದೆ ಇಂತಹ ದೋಷವಿದ್ದ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ದೋಷ ಮರುಕಳಿಸುವ ಸಂಭವವನ್ನು ಅದು ಶೇ. 72ರಷ್ಟು ಕಡಿಮೆ ಮಾಡಿತು. ಆದರೆ 28ನೆಯ ದಿನವೆಂದರೆ ಎಷ್ಟೋ ಹೆಂಗಸರಿಗೆ ತಾವು ಬಸಿರಾಗಿರುವುದು ಇನ್ನೂ ಖಚಿತವಾಗಿರದ ಸಮಯ. ಆದುದರಿಂದ ಈ ಮಾತ್ರೆ ಗರ್ಭ ನಿಲ್ಲುವ ಮೊದಲೇ ದೇಹವನ್ನು ಸೇರಿರಬೇಕು. ತಡವಾಗಿ ಕೊಟ್ಟ ಫೋಲಿಕ್ ಆಮ್ಲ ತಾಯಿಯ ರಕ್ತಹೀನತೆಗೆ ಉಪಕಾರಿಯಾದೀತೇ ಹೊರತು ನರನಾಳಕ್ಕೆ ಉಪಯೋಗವಿಲ್ಲ. ಕಾಲಕ್ರಮದ ಕಟ್ಟುನಿಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನಾಳ ಮುಚ್ಚಿಕೊಂಡ ಬಳಿಕ ಅದರ ಒಳಗೋಡೆಯಲ್ಲಿ ನರಕೋಶಗಳು ಹುಟ್ಟತೊಡಗುತ್ತವೆ. ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹೆರ್ಕುಲಾನೊ-ಹೌಜೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಎಣಿಕೆಯಂತೆ ವಯಸ್ಕರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು 1,600 ಕೋಟಿ ಮಾತ್ರ ಮಿದುಳಿನ ಹೊರಪದರವಾದ ತೊಗಟೆಯಲ್ಲಿದ್ದು, ಬಹುಪಾಲು ಕೋಶಗಳು ದೇಹದ ಚಲನೆಗಳನ್ನು ಹೊಂದಿಸುವ ಹಿಂಭಾಗದ ಅನುಮಸ್ತಿಷ್ಕದಲ್ಲಿ ಇಡಿಕಿರಿದಿವೆ. ತೊಗಟೆಯ ಕೋಶಗಳು ಬಹುತೇಕ ಗರ್ಭಾವಸ್ಥೆಯ ನಡುಭಾಗದೊಳಗೆ ಹುಟ್ಟಿ ಮುಗಿದಿರುತ್ತವೆ. ಅವು ಹುಟ್ಟುವ ಜಾಗವೊಂದು, ನೆಲೆಸುವ ಜಾಗ ಇನ್ನೊಂದು. ನಡುವಿನ ದೂರವನ್ನು ಅವು ಒಳಗೋಡೆಯಿಂದ ಹೊರಮೈಯವರೆಗೆ ಚಾಚಿಕೊಂಡಿರುವ ವಿಶೇಷ ಆಸರೆ ಕೋಶಗಳ ಎಳೆಗಳನ್ನು ಹಿಡಿದುಕೊಂಡು ಕ್ರಮಿಸುತ್ತವೆ ಎಂಬುದನ್ನು ಪಾಸ್ಕೊ ರಾಕಿಚ್ 1970ರ ದಶಕದ ಆರಂಭದಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ತೋರಿಸಿದರು. ಮೊದಲು ಹೊರಟವು ಒಳಪದರಗಳಲ್ಲಿ ನಿಲ್ಲುತ್ತವೆ, ನಂತರ ಹೊರಟವು ಅವುಗಳನ್ನು ದಾಟಿ ಹೊರಪದರಗಳನ್ನು ಸೇರುತ್ತವೆ.

ಈ ಪಯಣಕ್ಕೆ ತಾಯಿಯ ಥೈರಾಯ್ಡ್ ಹಾರ್ಮೋನು ಬೇಕು, ಆ ಹಾರ್ಮೋನಿಗೆ ಅಯೋಡಿನ್ ಬೇಕು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ನಡೆಸಿದ ಅಧ್ಯಯನವು ಉಪ್ಪಿಗೆ ಅಯೋಡಿನ್ ಬೆರೆಸಿದ ವಲಯಗಳಲ್ಲಿ ಗಳಗಂಡ ರೋಗ ಇಳಿಮುಖವಾದುದನ್ನು ದಾಖಲಿಸಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಅದು ಬುನಾದಿಯಾಯಿತು. ಕುತ್ತಿಗೆಯ ಊತ ಕಣ್ಣಿಗೆ ಕಾಣುವ ಲಕ್ಷಣ ಮಾತ್ರ, ಅಯೋಡಿನ್ ಕೊರತೆಯ ನಿಜವಾದ ಬೆಲೆಯನ್ನು ತೆರುವುದು ಭ್ರೂಣದ ಮಿದುಳು ಎಂಬ ಅರಿವು ಬಲಿತಂತೆ, 1992ರಲ್ಲಿ ಆ ಕಾರ್ಯಕ್ರಮದ ಹೆಸರೇ ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳನ್ನು ಒಳಗೊಳ್ಳುವಂತೆ ಬದಲಾಯಿತು.

2. ತಂತುಗಳು ಹಿಡಿಯುವ ದಾರಿ

ಕೋಶಗಳು ನೆಲೆ ಸೇರಿದ ಮಾತ್ರಕ್ಕೆ ನರಮಂಡಲ ಸಿದ್ಧವಾಗುವುದಿಲ್ಲ. ಪ್ರತಿಯೊಂದು ನರಕೋಶವೂ ಸಂದೇಶವನ್ನು ಹೊರಗೆ ಸಾಗಿಸುವ ಉದ್ದನೆಯ ತಂತುವೊಂದನ್ನು ಚಾಚಿ, ತಕ್ಕ ಕೋಶವನ್ನು ತಲುಪಿ, ಅದರೊಂದಿಗೆ ಸಂಧಿಸಬೇಕು. ಒಂದು ಕೋಶದ ರಾಸಾಯನಿಕ ಸಂದೇಶ ಇನ್ನೊಂದಕ್ಕೆ ದಾಟುವ ಈ ಸಂಧಿಸ್ಥಾನಕ್ಕೆ ಸಿನಾಪ್ಸ್ ಅಥವಾ ನರಸಂಗಮ ಎನ್ನುತ್ತಾರೆ. ಬೆಳೆಯುವ ತಂತುವಿನ ತುದಿಯಲ್ಲಿ ಸುತ್ತಲಿನ ರಾಸಾಯನಿಕ ಸುಳುಹುಗಳನ್ನು ಅರಸುತ್ತ ಮುಂದುವರಿಯುವ ಒಂದು ಶಂಕುವಿನಂತಹ ರಚನೆ ಇರುವುದನ್ನು ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ 1890ರಲ್ಲಿಯೇ ಗುರುತಿಸಿದ್ದರು.

ಈ ಜೋಡಣೆಯಲ್ಲಿ ಅನುವಂಶೀಯ ಸೂಚನೆಯ ಪಾಲೆಷ್ಟು, ಅನುಭವದ ಪಾಲೆಷ್ಟು ಎಂಬ ಪ್ರಶ್ನೆಗೆ ಅಮೆರಿಕದ ರೋಜರ್ ಸ್ಪೆರಿ 1940ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಒಂದು ಬಗೆಯ ಉತ್ತರ ಕೊಟ್ಟವು. ಕಪ್ಪೆಯ ಕಣ್ಣಿನ ನರವನ್ನು ಕತ್ತರಿಸಿದರೆ ಅದು ಮತ್ತೆ ಬೆಳೆದು ಮಿದುಳನ್ನು ಸೇರುತ್ತದೆ. ಸ್ಪೆರಿ ನರವನ್ನು ಕತ್ತರಿಸಿದುದಲ್ಲದೆ ಕಣ್ಣುಗುಡ್ಡೆಯನ್ನು ಅದರ ಗೂಡಿನಲ್ಲಿಯೇ ತಲೆಕೆಳಗಾಗಿ ತಿರುಗಿಸಿ ಕೂರಿಸಿದರು. ನರ ಮತ್ತೆ ಬೆಳೆದಾಗ ಕಪ್ಪೆಗೆ ದೃಷ್ಟಿ ಬಂತು. ಆದರೆ ಹುಳು ಮೇಲಿದ್ದರೆ ಅದು ಕೆಳಕ್ಕೆ ನಾಲಗೆ ಚಾಚುತ್ತಿತ್ತು, ಹುಳು ಮುಂದಿದ್ದರೆ ಹಿಂದಕ್ಕೆ ಹೊರಳುತ್ತಿತ್ತು, ಮತ್ತು ಎಷ್ಟು ಕಾಲ ಸೋತರೂ ಈ ತಪ್ಪನ್ನು ತಿದ್ದಿಕೊಳ್ಳಲಿಲ್ಲ. ಪ್ರತಿಯೊಂದು ತಂತುವೂ ತನ್ನ ಹಳೆಯ ವಿಳಾಸಕ್ಕೇ ಮರಳಿತ್ತು ಎಂಬುದು ಇದರ ಅರ್ಥ. ತಂತು ಮತ್ತು ಗುರಿಗಳ ನಡುವೆ ರಾಸಾಯನಿಕ ಗುರುತುಗಳ ಹೊಂದಾಣಿಕೆ ಇದೆ ಎಂಬ ಸ್ಪೆರಿಯವರ ಊಹೆಗೆ ಮುಂದೆ ಅಣುಜೀವವಿಜ್ಞಾನದ ಬೆಂಬಲ ದೊರೆಯಿತು.

ಇನ್ನೊಂದು ತತ್ತ್ವ ಇಷ್ಟೇ ಮುಖ್ಯವಾದುದು: ನರಮಂಡಲವು ಅಗತ್ಯಕ್ಕಿಂತ ಹೆಚ್ಚಾಗಿ ನಿರ್ಮಿಸಿ, ಹೆಚ್ಚಾದುದನ್ನು ಕಳೆದುಕೊಳ್ಳುತ್ತದೆ. ಕೋಳಿಯ ಭ್ರೂಣಗಳನ್ನು ಅಧ್ಯಯನ ಮಾಡಿದ ವಿಕ್ಟರ್ ಹ್ಯಾಂಬರ್ಗರ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರು, ಹುಟ್ಟಿದ ನರಕೋಶಗಳಲ್ಲಿ ಬಹಳಷ್ಟು ಸಹಜವಾಗಿಯೇ ಸಾಯುತ್ತವೆ ಎಂಬುದನ್ನು ಕಂಡರು. ಗುರಿಯ ಅಂಗಾಂಶವು ಸ್ರವಿಸುವ ಪೋಷಕ ವಸ್ತು ಸಾಕಷ್ಟು ದೊರೆತ ಕೋಶಗಳು ಉಳಿಯುತ್ತವೆ, ದೊರೆಯದವು ಅಳಿಯುತ್ತವೆ. ಆ ವಸ್ತುಗಳಲ್ಲಿ ಮೊದಲನೆಯದನ್ನು ಗುರುತಿಸಿದುದಕ್ಕಾಗಿ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದುದರಿಂದ ಬೆಳವಣಿಗೆಯೆಂದರೆ ಕೇವಲ ಕೂಡುತ್ತ ಹೋಗುವ ಕ್ರಿಯೆ ಎಂಬ ಎಣಿಕೆಯನ್ನು ಕೈಬಿಡಬೇಕಾಗುತ್ತದೆ; ಕಳೆಯುವುದೂ ಬೆಳವಣಿಗೆಯ ಅಂಗವೇ ಆಗಿದೆ.

3. ಪರಾವರ್ತಿತ ಪ್ರತಿಕ್ರಿಯೆಯಿಂದ ಇಚ್ಛಾಪೂರ್ವಕ ಕ್ರಿಯೆಗೆ

ಹುಟ್ಟಿದ ಮಗುವಿನ ವರ್ತನೆಯನ್ನು ಗಮನಿಸಿದರೆ ಅದರ ನರಮಂಡಲದ ಯಾವ ಭಾಗ ಆಗಲೇ ಕೆಲಸಕ್ಕೆ ನಿಂತಿದೆ ಎಂಬುದು ತಿಳಿಯುತ್ತದೆ. ಅಂಗೈಗೆ ಬೆರಳು ತಾಕಿಸಿದರೆ ಮಗು ಬಿಗಿಯಾಗಿ ಹಿಡಿಯುತ್ತದೆ. ತಲೆಗೆ ಕೊಟ್ಟ ಆಸರೆ ಒಮ್ಮೆಗೇ ಸಡಿಲಿದರೆ ಎರಡೂ ಕೈಗಳನ್ನು ಅಗಲಿಸಿ ಮತ್ತೆ ಕೂಡಿಸುತ್ತದೆ. ಪ್ರಚೋದನೆಗೆ ತಾನೇತಾನಾಗಿ ಬರುವ ಇಂತಹ ಉತ್ತರವನ್ನು ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತಾರೆ. ಇವು ಬೆನ್ನುಹುರಿ ಮತ್ತು ಮಿದುಳಿನ ಬುಡಭಾಗದ ಮಂಡಲಗಳಿಂದ ನಡೆಯುತ್ತವೆ ಮತ್ತು ಸಾಮಾನ್ಯವಾಗಿ ಮೊದಲ ಆರು ತಿಂಗಳಲ್ಲಿ ಮರೆಯಾಗುತ್ತವೆ. ಅವು ಮರೆಯಾಗಲು ಕಾರಣ ಆ ಮಂಡಲಗಳ ನಾಶವಲ್ಲ, ತೊಗಟೆ ಅವುಗಳನ್ನು ತನ್ನ ಹತೋಟಿಗೆ ತೆಗೆದುಕೊಳ್ಳುವುದು. ಫ್ರೆಂಚ್ ವೈದ್ಯ ಜೋಸೆಫ್ ಬಬಿನ್‌ಸ್ಕಿ 1896ರಲ್ಲಿ ವಿವರಿಸಿದ ಚಿಹ್ನೆ ಇದಕ್ಕೆ ಸಾಕ್ಷಿಯಾಗಿದೆ. ಅಂಗಾಲನ್ನು ಗೀರಿದಾಗ ಆರೋಗ್ಯವಂತ ವಯಸ್ಕರ ಕಾಲಿನ ಹೆಬ್ಬೆರಳು ಕೆಳಗೆ ಬಾಗುತ್ತದೆ, ಎಳೆಗೂಸಿನದು ಮೇಲೇಳುತ್ತದೆ. ಪಾರ್ಶ್ವವಾಯುವಿನಿಂದ ತೊಗಟೆಯ ಹತೋಟಿ ಕಡಿದುಹೋದ ವಯಸ್ಕರಲ್ಲಿಯೂ ಅದು ಎಳೆಗೂಸಿನಲ್ಲಿರುವಂತೆಯೇ ಮತ್ತೆ ಮೇಲೇಳುತ್ತದೆ.

ಈ ಹತೋಟಿ ಸ್ಥಾಪನೆಯಾಗಲು ತೊಗಟೆಯಿಂದ ಬೆನ್ನುಹುರಿಗೆ ಇಳಿಯುವ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಸುತ್ತಬೇಕು. ಹೊದಿಕೆಯಿಲ್ಲದ ಸಣ್ಣ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಒಂದೆರಡು ಮೀಟರು ಸಾಗಿದರೆ, ಹೊದಿಕೆಯಿರುವ ದಪ್ಪ ತಂತುವಿನಲ್ಲಿ ನೂರು ಮೀಟರಿಗೂ ಮಿಕ್ಕಿ ಸಾಗಬಲ್ಲದು. ಈ ಹೊದಿಕೆ ಎಲ್ಲೆಡೆಯೂ ಒಮ್ಮೆಗೇ ಬರುವುದಿಲ್ಲ; ಸಂವೇದನೆ ಮತ್ತು ಚಲನೆಯ ಮಾರ್ಗಗಳಿಗೆ ಮೊದಲು, ಯೋಜನೆ ಮತ್ತು ಸಂಯಮಗಳಿಗೆ ಆಧಾರವಾದ ಹಣೆಯ ಹಿಂದಿನ ಭಾಗಕ್ಕೆ ಕೊನೆಗೆ ಎಂಬ ಕ್ರಮವನ್ನು ಲೈಪ್‌ಜಿಗ್‌ನ ಪೌಲ್ ಫ್ಲೆಕ್ಸಿಗ್ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೇ ಗುರುತಿಸಿದ್ದರು. ಕಾಂತೀಯ ಅನುರಣನ ಚಿತ್ರಣದಿಂದ, ಅಂದರೆ ಎಂ.ಆರ್.ಐ. ಯಂತ್ರದಿಂದ, ಅದೇ ಮಕ್ಕಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿದ ಇತ್ತೀಚಿನ ಅಧ್ಯಯನಗಳು ಈ ಬೆಳವಣಿಗೆ ಇಪ್ಪತ್ತರ ಹರೆಯದವರೆಗೂ ಮುಂದುವರಿಯುತ್ತದೆ ಎಂದು ತೋರಿಸಿವೆ.

ಹಣೆಯ ಹಿಂದಿನ ಈ ಭಾಗದ ಕೆಲಸವನ್ನು ಶೈಶವದಲ್ಲಿಯೇ ಕಾಣಬಹುದು. ಎಂಟು ತಿಂಗಳ ಮಗುವಿನ ಕಣ್ಣೆದುರೇ ಆಟಿಕೆಯನ್ನು ಒಂದು ಬಟ್ಟೆಯಡಿ ಕೆಲವು ಸಲ ಅಡಗಿಸಿ, ಬಳಿಕ ಅದರೆದುರೇ ಇನ್ನೊಂದು ಬಟ್ಟೆಯಡಿ ಇಟ್ಟು ತುಸು ಹೊತ್ತು ತಡೆದರೆ, ಮಗು ಮೊದಲಿನ ಜಾಗದಲ್ಲಿಯೇ ಹುಡುಕುತ್ತದೆ. ಜೀನ್ ಪಿಯಾಜೆ ವಿವರಿಸಿದ ಈ ತಪ್ಪನ್ನು ಅಡೆಲ್ ಡೈಮಂಡ್ ಮತ್ತು ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಚ್ 1980ರ ದಶಕದಲ್ಲಿ ಮಂಗಗಳೊಂದಿಗೆ ಹೋಲಿಸಿ ನೋಡಿದರು. ಹಣೆಯ ಭಾಗದ ತೊಗಟೆಗೆ ಹಾನಿಯಾದ ಮಂಗಗಳು ಇದೇ ತಪ್ಪನ್ನು ಮಾಡಿದವು. ಹೊಸ ಜಾಗವನ್ನು ನೆನಪಿನಲ್ಲಿಡುವುದು ಮಾತ್ರವಲ್ಲ, ರೂಢಿಯಾದ ಚಲನೆಯನ್ನು ತಡೆಹಿಡಿಯುವುದೂ ಇಲ್ಲಿ ಬೇಕಾಗುತ್ತದೆ. ಮಕ್ಕಳ ಹಟವನ್ನೂ ಹದಿಹರೆಯದ ದುಡುಕನ್ನೂ ಶಿಸ್ತಿನ ಅಭಾವವೆಂದು ಮಾತ್ರ ಅಳೆಯುವವರು ಈ ತಡೆಹಿಡಿಯುವ ಶಕ್ತಿ ಎಲ್ಲಕ್ಕಿಂತ ನಿಧಾನವಾಗಿ ಬಲಿಯುವಂಥದು ಎಂಬುದನ್ನು ಗಮನದಲ್ಲಿಡಬೇಕಾಗುತ್ತದೆ.

4. ಅನುಭವವೆಂಬ ಶಿಲ್ಪಿ

ಸ್ಪೆರಿಯವರ ಕಪ್ಪೆ ಅನುಭವದಿಂದ ಏನನ್ನೂ ಕಲಿಯಲಿಲ್ಲ. ಸಸ್ತನಿಗಳ ವಿಷಯ ಹಾಗಲ್ಲ ಎಂಬುದನ್ನು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ 1963ರಿಂದ ಪ್ರಕಟಿಸಿದ ಪ್ರಯೋಗಗಳು ಸ್ಥಾಪಿಸಿದವು. ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಮೊದಲ ಕೆಲವು ತಿಂಗಳು ಹೊಲಿದಿಟ್ಟು ಆಮೇಲೆ ಬಿಚ್ಚಿದರೆ, ಕಣ್ಣು ಆರೋಗ್ಯವಾಗಿಯೇ ಇದ್ದರೂ ಆ ಕಣ್ಣಿನಿಂದ ಮರಿಗೆ ಏನೂ ಕಾಣುತ್ತಿರಲಿಲ್ಲ; ದೃಷ್ಟಿ ತೊಗಟೆಯ ಬಹುತೇಕ ಎಲ್ಲ ಕೋಶಗಳೂ ತೆರೆದಿದ್ದ ಕಣ್ಣಿನ ಪಾಲಾಗಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಅದಕ್ಕಿಂತ ಹೆಚ್ಚು ಕಾಲ ಮುಚ್ಚಿದರೂ ಇಂತಹ ಹಾನಿ ಆಗಲಿಲ್ಲ. ಇನ್ನೂ ಕುತೂಹಲಕರವಾದ ಸಂಗತಿಯೆಂದರೆ, ಎರಡೂ ಕಣ್ಣುಗಳನ್ನು ಮುಚ್ಚಿದಾಗ ತೊಗಟೆಯಲ್ಲಾದ ನಷ್ಟ ಒಂದನ್ನೇ ಮುಚ್ಚಿದಾಗಿನ ಲೆಕ್ಕದಿಂದ ನಿರೀಕ್ಷಿಸಬಹುದಾದಷ್ಟು ಇರಲಿಲ್ಲ. ಬಳಕೆಯಿಲ್ಲದೆ ಸೊರಗುವುದಕ್ಕಿಂತ ಮಿಗಿಲಾಗಿ, ಎರಡು ಕಣ್ಣುಗಳಿಂದ ಬರುವ ತಂತುಗಳು ತೊಗಟೆಯ ಕೋಶಗಳಿಗಾಗಿ ಒಂದರೊಡನೊಂದು ಪೈಪೋಟಿ ನಡೆಸುತ್ತವೆ ಎಂದು ಇದರಿಂದ ತಿಳಿಯಿತು. ಒಟ್ಟಾಗಿ ಚಟುವಟಿಕೆ ತೋರುವ ಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ ಎಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಮಂಡಿಸಿದ್ದ ಊಹೆಗೆ ಇದು ಹೊಂದಿಕೆಯಾಗುತ್ತದೆ. ಅನುಭವ ಹೀಗೆ ಆಳವಾಗಿ ಬೇರೂರುವ ಈ ಅವಧಿಗೆ ನಿರ್ಣಾಯಕ ಕಾಲ ಎಂದು ಹೆಸರು. ಅನುವಂಶೀಯ ಸೂಚನೆಯ ಬಲವನ್ನು ತೋರಿಸಿದ ಸ್ಪೆರಿ ಮತ್ತು ಅನುಭವದ ಬಲವನ್ನು ತೋರಿಸಿದ ಈ ಇಬ್ಬರು 1981ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸ್ಪೆರಿಯವರಿಗೆ ಅದು ದೊರೆತದ್ದು ಮಿದುಳಿನ ಎರಡು ಅರೆಗೋಳಗಳ ಕುರಿತ ಬೇರೆ ಕೆಲಸಕ್ಕಾಗಿ. ಆದರೂ ಎರಡು ಬಗೆಯ ಶೋಧಗಳನ್ನು ಎದುರುಬದುರಾಗಿ ನಿಲ್ಲಿಸಬೇಕಾಗಿಲ್ಲ; ಸೂಚನೆ ಸ್ಥೂಲವಾದ ನಕ್ಷೆಯನ್ನು ಕೊಡುತ್ತದೆ, ಚಟುವಟಿಕೆ ಅದನ್ನು ನಿಖರಗೊಳಿಸುತ್ತದೆ.

ಮನುಷ್ಯರ ಮಿದುಳಿನಲ್ಲಿ ಈ ನಿಖರಗೊಳಿಸುವಿಕೆಯ ಪ್ರಮಾಣವನ್ನು ಷಿಕಾಗೊದ ಪೀಟರ್ ಹಟನ್‌ಲಾಕರ್ 1979ರಿಂದ ನಡೆಸಿದ ಎಣಿಕೆಗಳು ತೋರಿಸಿದವು. ಹಣೆಭಾಗದ ತೊಗಟೆಯಲ್ಲಿ ಒಂದರಿಂದ ಎರಡು ವರ್ಷದ ಮಗುವಿನ ನರಸಂಗಮಗಳ ಸಾಂದ್ರತೆ ವಯಸ್ಕರ ಸರಾಸರಿಗಿಂತ ಸುಮಾರು ಅರ್ಧದಷ್ಟು ಹೆಚ್ಚಿರುತ್ತದೆ. ಹದಿಹರೆಯದ ಹೊತ್ತಿಗೆ ಅದು ವಯಸ್ಕರ ಮಟ್ಟಕ್ಕೆ ಇಳಿಯುತ್ತದೆ. ದೃಷ್ಟಿ ತೊಗಟೆಯಲ್ಲಿ ಈ ಏರಿಕೆಯೂ ಇಳಿಕೆಯೂ ಮುಂಚೆಯೇ ನಡೆಯುತ್ತವೆ.

ಮಾತಿನ ಕ್ಷೇತ್ರದಲ್ಲಿ ಈ ಬಗೆಯ ಆಯ್ಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಸುಲಭವಾಗಿ ಅರ್ಥವಾಗುವ ಒಂದು ಪ್ರಯೋಗವಿದೆ. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಮಾತಿನ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಧ್ವನಿ ಬದಲಾದಾಗ ತಲೆ ತಿರುಗಿಸಿದರೆ ಆಟಿಕೆ ಕಾಣುವಂತೆ ಮಾಡಿ, ಕೂಸು ಭೇದವನ್ನು ಗುರುತಿಸುತ್ತಿದೆಯೇ ಎಂದು ನೋಡಲಾಯಿತು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಕೆಲವೇ ಕೆಲವು ಗುರುತಿಸಿದವು. ಹಿಂದಿ ಮನೆಮಾತಿನ ಅದೇ ವಯಸ್ಸಿನ ಕೂಸುಗಳಿಗೆ ಈ ಭೇದ ಎಂದಿನಂತೆ ಕೇಳಿಸುತ್ತಿತ್ತು. ಕನ್ನಡದಲ್ಲಿಯೂ ಈ ಎರಡು ಧ್ವನಿಗಳು ಅರ್ಥವನ್ನೇ ಬೇರ್ಪಡಿಸುವುದರಿಂದ ಕನ್ನಡ ಕೇಳುತ್ತ ಬೆಳೆಯುವ ಮಗುವಿನ ಕಿವಿ ಆ ಭೇದವನ್ನು ಬಿಟ್ಟುಕೊಡಲು ಕಾರಣವಿಲ್ಲ. ಮಗು ಮೊದಲ ಪದವನ್ನಾಡುವ ಮುನ್ನವೇ ಅದರ ಮಿದುಳು ಮನೆಮಂದಿಯ ಭಾಷೆಗೆ ತಕ್ಕಂತೆ ಅಣಿಯಾಗುತ್ತಿರುತ್ತದೆ ಎಂದ ಮೇಲೆ, ಎಳೆಗೂಸಿಗೆ ಏನೂ ತಿಳಿಯದೆಂದು ಅದರೊಡನೆ ಮಾತಾಡದಿರುವುದು ಎಂತಹ ನಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

5. ವಂಚನೆ ಮತ್ತು ಒತ್ತಡ

ಅನುಭವವು ಮಿದುಳನ್ನು ಕಟ್ಟುವುದಾದರೆ ಅದರ ಅಭಾವ ಮಿದುಳನ್ನು ಬಡವಾಗಿಸಬೇಕು. ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಅನಾಥಾಲಯಗಳಲ್ಲಿದ್ದ 136 ಕೂಸುಗಳನ್ನು ಕುರಿತು 2000ದಲ್ಲಿ ಆರಂಭವಾದ ದೀರ್ಘ ಅಧ್ಯಯನ ಇದನ್ನು ದೃಢಪಡಿಸಿತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಜೀನಾ ಅವರು ಚೀಟಿ ಎತ್ತುವಂತಹ ಯಾದೃಚ್ಛಿಕ ವಿಧಾನದಿಂದ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಸೇರಿಸಿದರು. ಅನಾಥಾಲಯದ ಮಕ್ಕಳಿಗೆ ಊಟಬಟ್ಟೆಗಳಿದ್ದರೂ ತಮ್ಮವರೆಂದು ಹಚ್ಚಿಕೊಳ್ಳಬಹುದಾದ ಒಬ್ಬ ವ್ಯಕ್ತಿ ಇರಲಿಲ್ಲ. ಸಾಕುಕುಟುಂಬ ಸೇರಿದ ಮಕ್ಕಳ ಬುದ್ಧಿಶಕ್ತಿಯ ಅಂಕಗಳು ಉಳಿದವರಿಗಿಂತ ಹೆಚ್ಚಾದವು, ಮತ್ತು ಎರಡು ವರ್ಷ ತುಂಬುವ ಮೊದಲೇ ಸೇರಿದವರಿಗೆ ಆದ ಲಾಭ ತಡವಾಗಿ ಸೇರಿದವರಿಗಿಂತ ಹೆಚ್ಚಾಗಿತ್ತು. ಮಮತೆ ಎಂಬುದು ಪೌಷ್ಟಿಕ ಆಹಾರದಷ್ಟೇ ದೈಹಿಕವಾದ ಅಗತ್ಯವೆಂದು ಹೇಳಲು ಇಷ್ಟು ಪುರಾವೆ ಸಾಕು.

ಸತತ ಒತ್ತಡದ ಪರಿಣಾಮವನ್ನು ಕುರಿತು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಕೆಲಸ ಜಗತ್ತಿನ ಗಮನ ಸೆಳೆಯಿತು. ಮತ್ತೆ ಮತ್ತೆ ಒತ್ತಡಕ್ಕೆ ಗುರಿಯಾದ ಇಲಿಗಳಲ್ಲಿ, ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ಕವಲುಗಳು ಕುಗ್ಗಿದವು; ಭಯಕ್ಕೆ ಆಧಾರವಾದ ಅಮಿಗ್ಡಾಲಾ ಎಂಬ ಭಾಗದ ಕೋಶಗಳ ಕವಲುಗಳು ಹಿಗ್ಗಿದವು. ಒತ್ತಡ ನಿಂತು ಮೂರು ವಾರ ಕಳೆದರೂ ಅಮಿಗ್ಡಾಲಾದಲ್ಲಾದ ಹಿಗ್ಗುವಿಕೆ ಹಿಂದಿನಂತಾಗಲಿಲ್ಲ ಎಂಬುದು ಅದೇ ಪ್ರಯೋಗಾಲಯದ ಮುಂದಿನ ಶೋಧ. ಇವು ಬೆಳೆದ ಇಲಿಗಳ ಮೇಲಿನ ಪ್ರಯೋಗಗಳಾದುದರಿಂದ ಮಕ್ಕಳಿಗೆ ನೇರವಾಗಿ ಅನ್ವಯಿಸಬಾರದು. ಆದರೆ ಭಯದ ಅನುಭವ ಕೇವಲ ಮನಸ್ಸಿನ ಸ್ಥಿತಿಯಾಗಿ ಉಳಿಯದೆ ಕೋಶದ ಆಕಾರವನ್ನೇ ಬದಲಿಸಬಲ್ಲದು ಎಂಬ ತತ್ತ್ವವನ್ನು ಅವು ಸಂದೇಹಕ್ಕೆಡೆಯಿಲ್ಲದಂತೆ ತೋರಿಸುತ್ತವೆ.

6. ಬಾಗಿಲು ಪೂರ್ತಿ ಮುಚ್ಚುವುದೇ?

ಇಷ್ಟನ್ನು ಕೇಳಿದವರು ಕಾಲ ಮೀರಿದ ಮೇಲೆ ಏನೂ ಸಾಧ್ಯವಿಲ್ಲವೆಂಬ ತೀರ್ಮಾನಕ್ಕೆ ಬರುವ ಅಪಾಯವಿದೆ. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪವನ್ ಸಿನ್ಹಾ ಅವರು ಭಾರತದಲ್ಲಿ ಆರಂಭಿಸಿದ ‘ಪ್ರಕಾಶ್’ ಯೋಜನೆ ಈ ನಿರಾಶೆಗೆ ಉತ್ತರವಾಗಿದೆ. ಹುಟ್ಟಿನಿಂದ ಕಣ್ಣಿನ ಪೊರೆಯಂತಹ ತೊಂದರೆಗಳಿಂದ ಕುರುಡಾಗಿದ್ದ ಮಕ್ಕಳಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ, ಅವರ ನೋಟ ಹೇಗೆ ಬೆಳೆಯುತ್ತದೆಂದು ಈ ಯೋಜನೆ ಅಧ್ಯಯನ ಮಾಡಿತು. 2011ರಲ್ಲಿ ಪ್ರಕಟವಾದ ವರದಿಯಂತೆ, ಎಂಟರಿಂದ ಹದಿನೇಳು ವರ್ಷದೊಳಗಿನ ಐವರು, ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು ಶಸ್ತ್ರಚಿಕಿತ್ಸೆಯಾದ ಕೂಡಲೇ ಕಣ್ಣಿನಿಂದ ಗುರುತಿಸಲಾರದೆ ಹೋದರು. ಆದರೆ ಕೆಲವೇ ದಿನಗಳಲ್ಲಿ ಅದನ್ನು ಕಲಿತರು. ಅವರ ನೋಟದ ಸೂಕ್ಷ್ಮತೆ ಸಾಮಾನ್ಯ ಮಟ್ಟಕ್ಕೆ ಏರಲಿಲ್ಲವಾದರೂ ಬದುಕಿಗೆ ನೆರವಾಗುವಷ್ಟು ಸುಧಾರಿಸಿತು. ಆದುದರಿಂದ ವಿದ್ವಾಂಸರು ಈಗ ನಿರ್ಣಾಯಕ ಕಾಲವನ್ನೂ, ಅಷ್ಟು ಕಟ್ಟುನಿಟ್ಟಲ್ಲದ ಸಂವೇದನಶೀಲ ಕಾಲವನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಹದ ತಪ್ಪಿದ ಮೇಲೆ ಬಿತ್ತಿದ ಹೊಲವೂ ಬೆಳೆ ಕೊಡುತ್ತದೆ. ದುಡಿಮೆ ಹೆಚ್ಚು ಬೇಡುತ್ತದೆ, ಇಳುವರಿ ಕಡಿಮೆಯಾಗುತ್ತದೆ, ಅಷ್ಟೆ. ಮಿದುಳಿನ ಹೆಚ್ಚಿನ ಸಾಮರ್ಥ್ಯಗಳು ಈ ಬಗೆಯವು.

7. ಹೊಣೆಯ ಪ್ರಶ್ನೆ

ಮೇಲಿನ ವಿಚಾರಗಳಿಂದ ಹೊರಡುವ ನೀತಿ ಸರಳವಾದುದು: ಮಿದುಳಿಗೆ ಸಲ್ಲಬೇಕಾದುದು ಹೊತ್ತಿಗೆ ಸರಿಯಾಗಿ ಸಲ್ಲಬೇಕು. ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನಿನ ಕೊರತೆಯಿರುವ ಮಗುವಿಗೆ ಮೊದಲ ಎರಡು ವಾರಗಳಲ್ಲಿ ಅಗ್ಗದ ಮಾತ್ರೆಯ ಚಿಕಿತ್ಸೆ ಆರಂಭಿಸಿದರೆ ಬುದ್ಧಿಮಾಂದ್ಯವನ್ನು ತಡೆಯಬಹುದು; ತಿಂಗಳುಗಳು ಕಳೆದ ಮೇಲೆ ಅದೇ ಮಾತ್ರೆ ದೇಹವನ್ನು ಸರಿಪಡಿಸುತ್ತದೆ, ಮಿದುಳನ್ನು ಪೂರ್ತಿ ಸರಿಪಡಿಸಲಾರದು. ಶ್ರವಣದೋಷಕ್ಕೆ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ಪರಿಹಾರ ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಸೂತ್ರ. ಇಲ್ಲಿ ಪರಿಹಾರವೆಂದರೆ ಶ್ರವಣಯಂತ್ರ ಮಾತ್ರವೆಂದು ತಿಳಿಯಬೇಕಾಗಿಲ್ಲ. ಕಿವುಡ ತಂದೆತಾಯಿಗಳಿಂದ ಸಂಜ್ಞಾಭಾಷೆಯನ್ನು ಕಲಿಯುವ ಕೂಸುಗಳು ಉಳಿದ ಮಕ್ಕಳು ತೊದಲುವ ವಯಸ್ಸಿನಲ್ಲಿಯೇ ಕೈಗಳಿಂದ ತೊದಲುತ್ತವೆ; ಅಂದರೆ ಮಿದುಳು ಬೇಡುವುದು ಒಂದು ಪರಿಪೂರ್ಣ ಭಾಷೆಯನ್ನು, ಅದು ಕಿವಿಯ ಮೂಲಕ ಬಂದರೂ ಸರಿ, ಕಣ್ಣಿನ ಮೂಲಕ ಬಂದರೂ ಸರಿ.

ಈ ಕೆಲಸಕ್ಕೆ ಕರ್ನಾಟಕದಲ್ಲಿ ನೆಲೆಗಳಿಲ್ಲದೆ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನವಜಾತ ಶಿಶುಗಳ ಶ್ರವಣ ತಪಾಸಣೆಯನ್ನು ಆಸ್ಪತ್ರೆಗಳಿಗೆ ಕೊಂಡೊಯ್ದಿದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಮತ್ತು ಮನೋರೋಗಗಳ ಚಿಕಿತ್ಸೆ ಹಾಗೂ ಸಂಶೋಧನೆ ಒಂದೇ ಸೂರಿನಡಿ ನಡೆಯುತ್ತಿವೆ; 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಯನ್ನು ತನ್ನ ಗುರಿಯಾಗಿಸಿಕೊಂಡಿದೆ. ಆದರೆ ಸಂಸ್ಥೆ ಇರುವುದು ಬೇರೆ, ಮಗು ಸಕಾಲದಲ್ಲಿ ಅದರ ಬಾಗಿಲು ತಲುಪುವುದು ಬೇರೆ. ಆ ನಡುವಿನ ಅಂತರವನ್ನು ತುಂಬಬಲ್ಲವರು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ಕಾರ್ಯಕರ್ತೆಯರು, ಮತ್ತು ಮಗುವಿನ ಬಗ್ಗೆ ಮೊದಲ ಅನುಮಾನ ಪಡುವ ತಾಯಂದಿರು. ಮಾತು ತಡವಾದರೆ ತಾನಾಗಿ ಬರುತ್ತದೆ ಬಿಡಿ ಎಂದು ಹಿರಿಯರು ಕೊಡುವ ಸಮಾಧಾನ ಕೆಲವೊಮ್ಮೆ ನಿಜವಾಗುತ್ತದೆ. ನಿಜವಾಗದ ಕಡೆ ಅದು ಮಗುವಿನ ಮರಳಿ ಬಾರದ ತಿಂಗಳುಗಳನ್ನು ಕಸಿದುಕೊಳ್ಳುತ್ತದೆ.

ಸಭಿಕರಲ್ಲಿರುವ ಶಿಕ್ಷಕರು, ವೈದ್ಯರು, ಆಡಳಿತಗಾರರು ಮತ್ತು ಪೋಷಕರಲ್ಲಿ ಈ ಉಪನ್ಯಾಸದ ವಿನಂತಿ ಇಷ್ಟೇ: ಮಗುವಿನ ನೋಟ, ಕೇಳುವಿಕೆ, ಮಾತು, ಒಡನಾಟಗಳಲ್ಲಿ ಯಾವುದೊಂದರ ಬಗ್ಗೆ ಸಂದೇಹ ಬಂದರೂ ಅದನ್ನು ಮುಂದಿನ ವರ್ಷಕ್ಕೆ ತಳ್ಳದೆ ಅಂದೇ ತಪಾಸಣೆಗೆ ಕಳುಹಿಸಬೇಕು. ತಪಾಸಣೆಯಲ್ಲಿ ಏನೂ ಕಾಣದಿದ್ದರೆ ಒಂದು ದಿನ ಹೋಗುತ್ತದೆ. ತಪಾಸಣೆಯನ್ನೇ ಮಾಡಿಸದಿದ್ದರೆ ಹೋಗುವುದು ಬಾಳಿನ ಒಂದು ಸಾಮರ್ಥ್ಯ.